ಕಿಟೋರಾನ ಹಣೆಗೆ ವಿಭೂತಿ

ಎರಡು ಸಾವಿರದ ಮೂರನೆಯ ಇಸವಿ, ಶ್ರಾವಣ ಮಾಸ, ಸಂಜೆ ಐದೂವರೆ. ಜಿಟಿಜಿಟಿ ಮಳೆ ಆಗಷ್ಟೇ ನಿಂತಿತ್ತು. ದೇವರಾಜ ಮೊಹಲ್ಲಾದ ನಮ್ಮ ಓಣಿಗೆ ಮಾರ್ಕೆಟ್ಟಿನ ಕಡೆಯಿಂದ ಮಲ್ಲಿಗೆಯ ವಾಸನೆಯೂ ಕೊಳೆತ ಬಾಳೆಲೆಯ ವಾಸನೆಯೂ ಒಟ್ಟಿಗೆ ಬರುತ್ತಿದ್ದವು. ನಾನು ಜಗಲಿಯ ಮೇಲೆ ಕೂತು ಬೀಟೆ ಹಲಗೆಯೊಳಗೆ ಒಂದು ಆನೆಯ ಸೊಂಡಿಲು ಕೂರಿಸುತ್ತಿದ್ದೆ. ಬೇರೆ ಬೇರೆ ಬಣ್ಣದ ಮರವನ್ನು ತೆಳ್ಳಗೆ ಕೊಯ್ದು, ಬೀಟೆಯಲ್ಲಿ ಗುಳಿ ತೋಡಿ, ಚಿತ್ರವಾಗಿ ಕೂರಿಸುವುದು ನನ್ನ ಕಸುಬು. ಮೊಮ್ಮಗ ಮೃತ್ಯುಂಜಯ ಚಿಪ್ಸ್ ಪ್ಯಾಕೆಟ್ಟಿನಿಂದ ಒಂದು ಕಾರ್ಡು ತೆಗೆದ. ಎಣ್ಣೆಗೈಯನ್ನು ಚಡ್ಡಿಗೆ ಒರೆಸಿಕೊಂಡು ಅದನ್ನು ನನ್ನ ಮೊಣಕಾಲ ಮೇಲಿಟ್ಟ. ಅವನಿಗೆ ಆಗ ಹತ್ತು ವರ್ಷ.

"ತಾತ, ಕಿಟೋರಾ ಸಿಕ್ತು. ಇಡೀ ಬೀದೀಲಿ ಯಾರತ್ರಾನೂ ಇಲ್ಲ."

ನನ್ನ ಓದು ಮೂರನೇ ಕ್ಲಾಸಿಗೆ ಮುಗಿದದ್ದು. ಕಾರ್ಡಿನ ಇಂಗ್ಲಿಷು ನನಗೆ ಹತ್ತುವುದಿಲ್ಲ, ಚಿತ್ರ ಹತ್ತುತ್ತದೆ. ಮನುಷ್ಯನಂತೆ ಎರಡು ಕಾಲ ಮೇಲೆ ನಿಂತ ದುಂಬಿ ಅದು. ಉಳಿದ ನಾಲ್ಕು ಕಾಲುಗಳನ್ನು ಮಲ್ಲರ ಹಾಗೆ ಮುಂದಕ್ಕೆ ಚಾಚಿತ್ತು. ಹಣೆಯಿಂದ ಒಂದೇ ಕೊಂಬು ಎದ್ದು ತುದಿಯಲ್ಲಿ ಸೀಳಿತ್ತು. ಬೆನ್ನ ಚಿಪ್ಪು ಹಸಿರೆಂದರೆ ಹಸಿರಲ್ಲ, ಕಪ್ಪೆಂದರೆ ಕಪ್ಪಲ್ಲ. ಬರೆದವನಿಗೆ ಕೈ ಇದೆ ಅಂದುಕೊಂಡೆ.

ಟೀವಿಯಲ್ಲಿ ದಿನಾ ಸಂಜೆ ಗ್ರಿಮ್ಮೋ ಅಂತ ಒಂದು ಕಾರ್ಟೂನು ಬರುತ್ತಿತ್ತು. ನೂರಿಪ್ಪತ್ತು ಬಗೆಯ ಜೀವಿಗಳು, ಅವನ್ನು ಹಿಡಿದು ಸಾಕಿ ಕಾದಾಡಿಸುವ ಮಕ್ಕಳು. ನೂರಿಪ್ಪತ್ತರಲ್ಲಿ ಈ ಕಿಟೋರಾ ಒಂದು. ಸೋತರೆ ಅದು ಸಾಯುವುದಿಲ್ಲವಂತೆ, ಚಿಪ್ಪಿನೊಳಗೆ ಸೇರಿಕೊಂಡು ನಿದ್ದೆ ಮಾಡುತ್ತದಂತೆ. ಬೀದಿಯ ಹುಡುಗರು ಕಾರ್ಡಿನ ಮೇಲಿನ ಅಂಕಿ ನೋಡಿಕೊಂಡು ನಮ್ಮ ಜಗಲಿಯ ಮೆಟ್ಟಿಲ ಮೇಲೆ ಆಡುತ್ತಿದ್ದರು. ಆಟಕ್ಕೊಂದು ಕಟ್ಟು ಇತ್ತು. ಕಾದಾಟಕ್ಕೆ ಬಿಡುವ ಮೊದಲು ಕಾರ್ಡನ್ನು ಬಾಯಿಯ ಹತ್ತಿರ ಹಿಡಿದು "ಬರ್ತೀಯಾ?" ಅಂತ ಕೇಳಬೇಕು. ಕೇಳಿ ಮೇಲಕ್ಕೆ ಚಿಮ್ಮಬೇಕು. ಚಿತ್ರ ಮೇಲಾಗಿ ಬಿದ್ದರೆ ಅದು ಒಪ್ಪಿದಂತೆ. ಮಗುಚಿ ಬಿದ್ದರೆ ಆ ಸಲ ಅದನ್ನು ಬಿಡುವ ಹಾಗಿಲ್ಲ, ಎಷ್ಟೇ ಬಲವಿರಲಿ. ಎದುರು ಮನೆಯ ಹೂವಿನ ವ್ಯಾಪಾರಿಯ ಮಗ ವಿಜಯ್‌ಕುಮಾರ್ ಒಮ್ಮೆ ಕೇಳದೆ ಬಿಟ್ಟದ್ದಕ್ಕೆ ಎಲ್ಲರೂ ಸೇರಿ ಅವನನ್ನು ಎರಡು ದಿನ ಆಟದಿಂದ ಹೊರಗಿಟ್ಟಿದ್ದರು. ನಾನು ಕೆಲಸ ಮಾಡುತ್ತಾ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದೆ.

ಆ ಶ್ರಾವಣದಲ್ಲೇ ಮಠದಿಂದ ಬಸವರಾಜು ಬಂದರು. ಅವರು ನಮ್ಮ ಮಠದ ಕಾರ್ಯಸ್ಥರು. ಮಠ ದೊಡ್ಡದಲ್ಲ. ಹೊಳೆಯ ಆಚೆ, ಬಸ್ಸಿಳಿದು ಎರಡು ಮೈಲಿ ನಡೆಯಬೇಕು.

ಇಲ್ಲಿ ಹಳೆಯ ಮಾತೊಂದನ್ನು ಹೇಳಬೇಕು. ನನ್ನ ಮಗ ಸಿದ್ದಲಿಂಗಸ್ವಾಮಿ ನಾಲ್ಕು ವರ್ಷದವನಿದ್ದಾಗ ಜ್ವರ ನೆತ್ತಿಗೇರಿ ಮೂರು ದಿನ ಕಣ್ಣು ಬಿಡಲಿಲ್ಲ. ನಾನು ಮಠದ ಗದ್ದುಗೆಯ ಮುಂದೆ ಬಿದ್ದು, ಮಗು ಉಳಿದರೆ ನಮ್ಮ ಮನೆಯಿಂದ ಒಬ್ಬರನ್ನು ಮಠಕ್ಕೆ ಕೊಡುತ್ತೇನೆ ಅಂತ ಹರಕೆ ಹೊತ್ತೆ. ಮಗು ಉಳಿಯಿತು. ಆಗ ಮಠದಲ್ಲಿ ಮರಿದೇವರು ಇದ್ದರು. ಮುಂದೆ ಪಟ್ಟಕ್ಕೆ ಬರುವ ಕಿರಿಯ ಸ್ವಾಮಿಯನ್ನು ನಾವು ಹಾಗೆ ಕರೆಯುತ್ತೇವೆ. "ಈಗ ಬೇಡ, ಬೇಕಾದಾಗ ಕೇಳ್ತೀವಿ" ಅಂತ ಅಂದಿನ ದೊಡ್ಡ ಬುದ್ಧಿಯವರು ಹೇಳಿ ಕಳಿಸಿದರು. ಮೂವತ್ತು ವರ್ಷ ಯಾರೂ ಕೇಳಲಿಲ್ಲ. ಅಂದಿನ ಮರಿದೇವರೇ ಈಗ ಪಟ್ಟದ ಬುದ್ಧಿಯವರು, ಅವರಿಗೂ ಮುಪ್ಪಾಗಿತ್ತು.

ಬಸವರಾಜು ಚಾಪೆಯ ಮೇಲೆ ಕೂತು, ಹಾಲು ಕುಡಿದು, ನಿಧಾನವಾಗಿ ಹೇಳಿದರು. "ಬುದ್ಧಿಯವರು ನಿಮ್ಮ ಮೊಮ್ಮಗನ್ನ ನೆನೆಸ್ಕೊಂಡ್ರು ಕರಿಬಸವಯ್ಯನವರೇ. ಜಾತಕಾನೂ ಕೂಡಿ ಬಂದಿದೆ. ದಸರಾ ಕಳೆದ ಗುರುವಾರ ಕರ್ಕೊಂಡು ಹೋಗ್ತೀವಿ."

ನಾನು ಕೈಮುಗಿದೆ. ಮಗ ಸಿಟಿ ಬಸ್ಸಿನ ಡ್ರೈವರು, ಡ್ಯೂಟಿ ಮುಗಿಸಿ ರಾತ್ರಿ ಬಂದ. ವಿಷಯ ಕೇಳಿ, "ನಾನು ಉಳಿದದ್ದೇ ಅದರಿಂದ ಅಂದ್ಮೇಲೆ ನಾನೇನು ಹೇಳ್ಲಿ ಅಪ್ಪ" ಅಂದ. ಸೊಸೆ ಪ್ರೇಮಲೀಲಾ ತಟ್ಟೆ ಇಟ್ಟು ಅವನಿಗೆ ಬಡಿಸಿದಳು. ಮೃತ್ಯುಂಜಯನಿಗೆ ಹೇಳಿದೆವು. ಅವನು "ಹ್ಞೂಂ" ಅಂದ. ನಮ್ಮ ಮನೆಯಲ್ಲಿ ಹಿರಿಯರು ಹೇಳಿದ್ದಕ್ಕೆ ಮಕ್ಕಳು ಹ್ಞೂಂ ಅನ್ನುತ್ತಾರೆ. ನಾನು ಅದನ್ನೇ ಒಪ್ಪಿಗೆ ಅಂದುಕೊಂಡೆ.

ಮರಿದೇವರಾಗಿ ಹೋದ ಮಗು ಮತ್ತೆ ಮನೆಗೆ ಬರುವ ಹಾಗಿಲ್ಲ. ಹೆತ್ತವಳೂ ಸಾಲಿನಲ್ಲಿ ನಿಂತು ಕಾಲಿಗೆ ಬೀಳಬೇಕು. ಅದು ಎಲ್ಲರಿಗೂ ಗೊತ್ತಿದ್ದದ್ದೇ, ಆದರೆ ಯಾರೂ ಬಾಯಲ್ಲಿ ಆಡುತ್ತಿರಲಿಲ್ಲ. ಪ್ರೇಮಲೀಲಾ ಒಂದು ದಿನ ಅಕ್ಕಿ ಆರಿಸುತ್ತಾ, ತಲೆ ಎತ್ತದೆ ಹೇಳಿದಳು. "ಮಾವ, ಅವನು ಉಗುರು ಕಚ್ಚುತ್ತಾನೆ. ಬೈಬೇಡಿ ಅಂತ ಅಲ್ಲಿಯೋರಿಗೆ ಒಂದು ಮಾತು ಹೇಳಿ." ಹೇಳ್ತೀನಮ್ಮ ಅಂದೆ.

ಭಾದ್ರಪದ ಕಳೆಯಿತು. ಹುಡುಗ ತನ್ನ ಕಾರ್ಡುಗಳನ್ನು ಒಂದೊಂದಾಗಿ ಬೀದಿಯ ಮಕ್ಕಳಿಗೆ ಕೊಟ್ಟುಬಿಟ್ಟ. ಕಿಟೋರಾನೊಂದನ್ನು ಮಾತ್ರ ಸ್ಕೂಲು ಬ್ಯಾಗಿನ ಒಳಜೇಬಿನಲ್ಲಿ ಇಟ್ಟುಕೊಂಡ. ಮಠಕ್ಕೆ ಏನೂ ಒಯ್ಯುವಂತಿಲ್ಲ ಅಂತ ಬಸವರಾಜು ಹೇಳಿದ್ದರು. ಆಯುಧಪೂಜೆಯ ಸಂಜೆ ವಿಜಯ್‌ಕುಮಾರನ ಜೊತೆ ಕೊನೆಯ ಆಟ, ಆಮೇಲೆ ಅದನ್ನೂ ಅವನಿಗೇ ಕೊಡುವುದು ಅಂತ ತೀರ್ಮಾನವಾಗಿತ್ತು.

ಆಯುಧಪೂಜೆಯ ಬೆಳಿಗ್ಗೆ ನಾನು ಜಗಲಿ ಸಾರಿಸಿ, ಉಳಿ, ಸುತ್ತಿಗೆ, ಕೂದಲೆಳೆಯಂಥ ಗರಗಸಗಳು, ಎಲ್ಲವನ್ನೂ ಒರೆಸಿ ಮಣೆಯ ಮೇಲೆ ಸಾಲಾಗಿಟ್ಟೆ. ಹುಡುಗ ಸ್ನಾನಕ್ಕೆ ಹೋಗಿದ್ದ. ನನಗೆ ಏನನ್ನಿಸಿತೋ, ಅವನ ಬ್ಯಾಗಿನಿಂದ ಆ ಕಾರ್ಡು ತೆಗೆದೆ. ಯಾರ ಪರವಾಗಿಯಾದರೂ ಕಾದಾಡುವುದು ಆಯುಧವೇ ಅಲ್ಲವೇ? ಹೋಗುವ ಮಗು, ಅವನ ಆಯುಧಕ್ಕೂ ಒಂದು ಪೂಜೆ ಆಗಲಿ. ಅವನಿಗೆ ಸಂತೋಷವಾದೀತು ಅಂದುಕೊಂಡೆ. ವಿಭೂತಿಯನ್ನು ನೀರಿನಲ್ಲಿ ಕಲೆಸಿ ಮೂರು ಬೆರಳಿನಿಂದ ಗರಗಸಕ್ಕೆ ಹಚ್ಚಿದ ಹಾಗೆಯೇ ಕಿಟೋರಾನ ಹಣೆಯ ಮೇಲೂ ಎಳೆದೆ. ನಡುವೆ ಕುಂಕುಮ ಇಟ್ಟೆ. ಒಂದು ಸೇವಂತಿಗೆ ಏರಿಸಿದೆ. ಮೇಲೆ ನೀರು ಚಿಮುಕಿಸಿದೆ.

ಹುಡುಗ ಒದ್ದೆ ತಲೆಯಲ್ಲಿ ಬಂದು ನೋಡಿದ. ಕಾರ್ಡು ಆಗಲೇ ಅಂಚಿನಲ್ಲಿ ಉಬ್ಬಿತ್ತು. ಅವನ ಕೈ ಮುಂದೆ ಬಂತು.

"ಪೂಜೆಗಿಟ್ಟದ್ದನ್ನ ನಾಳೆವರೆಗೂ ಮುಟ್ಟಬಾರದು ಕಣಪ್ಪ" ಅಂದೆ.

ಕೈ ಹಿಂದಕ್ಕೆ ಹೋಯಿತು. ಅದು ಎಷ್ಟು ಸಲೀಸಾಗಿ ಹಿಂದಕ್ಕೆ ಹೋಯಿತು ಅನ್ನುವುದು ನನಗೆ ಇವತ್ತಿಗೂ ಮರೆತಿಲ್ಲ. ಅವನು ಆ ದಿನವೆಲ್ಲ ಜಗಲಿಯ ಕಂಬಕ್ಕೆ ಒರಗಿ ಕೂತು, ಆ ಕಾರ್ಡು ಬಾಗುವುದನ್ನು ನೋಡುತ್ತಿದ್ದ. ಬೂದುಗುಂಬಳ ಒಡೆದಾಗಲೂ ಏಳಲಿಲ್ಲ.

ಸಂಜೆ ವಿಜಯ್‌ಕುಮಾರ್ ಆಟಕ್ಕೆ ಬಂದ. ಮಣೆಯ ಕಡೆ ನೋಡಿದವನೇ ಹೊಟ್ಟೆ ಹಿಡಿದುಕೊಂಡು ನಕ್ಕ. "ಲೋ, ಇದೇನೋ ಹುಳಸ್ವಾಮಿ ಆಗ್ಬುಟ್ಟವ್ನೆ. ಅಡ್ಡಬೀಳ್ಬೇಕೇನೋ?"

"ಸುಮ್ನಿರೋ" ಅಂದ ನಮ್ಮವನು.

"ಗುರುವಾರ ನಿಂಗೂ ಇಂಗೇ ಬಳೀತಾರೆ ಕಣೋ. ಬಳ್ದು ಮಣೆ ಮೇಲೆ ಕೂರುಸ್ತಾರೆ. ಆಮೇಲೆ ನಿನ್ನೂ ಮುಟ್ಟಂಗಿಲ್ಲ."

ಅವನು ಕೆಟ್ಟ ಹುಡುಗನಲ್ಲ. ತಮಾಷೆಗೆ ಅಂದ. ಅಂದಮೇಲೆ ತಾನೇ ಹೆದರಿದವನಂತೆ ಮನೆಗೆ ಓಡಿಹೋದ. ನಾನು ಬಾಗಿಲ ಒಳಗೆ ದೀಪಕ್ಕೆ ಬತ್ತಿ ಹೊಸೆಯುತ್ತಾ ಕೂತಿದ್ದವನು ಹಾಗೇ ಕೂತೆ.

ಮಾರನೆಯ ದಿನ ವಿಜಯದಶಮಿ. ಬೆಳಿಗ್ಗೆ ಪೂಜೆ ಇಳಿಸಿ ಮೊದಲು ಆ ಕಾರ್ಡನ್ನೇ ಎತ್ತಿ ಬಟ್ಟೆಯಿಂದ ಒರೆಸಿದೆ. ಒಣಗಿದ ವಿಭೂತಿಯ ಜೊತೆ ಚಿತ್ರದ ತೊಗಲೂ ಎದ್ದು ಬಂತು. ಕೊಂಬೂ ಹಣೆಯೂ ಹೋದವು. ಕೆಳಗೆ ಕಾಲುಗಳು ಮಾತ್ರ ಚಾಚಿಕೊಂಡು ನಿಂತಿದ್ದವು.

"ಹೋಗ್ಲಿ ಬುಡು ಮಗ. ಸಂಪಿಗೆ ಮರದಲ್ಲಿ ಇದಕ್ಕಿಂತ ಚೆನ್ನಾಗಿರೋದು ಮಾಡಿಕೊಡ್ತೀನಿ. ಆ ಮರದ ತಿರುಳು ಹೀಗೇ ಹಸಿರಿಗೆ ತಿರುಗಿರುತ್ತೆ" ಅಂದೆ.

"ಮರದ್ದು ಆಟಕ್ಕೆ ಬರಲ್ಲ ತಾತ."

"ನಾನು ಒಳ್ಳೇದಾಗ್ಲಿ ಅಂತ ಇಟ್ಟೆ ಕಣಪ್ಪ."

"ಗೊತ್ತು." ಅವನು ಕಾರ್ಡನ್ನು ತಿರುಗಿಸಿ ನೋಡಿದ. ಕೋಪವಿಲ್ಲದೆ, ಮರೆತ ಒಂದು ವಿಷಯ ನೆನಪಿಸುವವನಂತೆ ಕೇಳಿದ. "ಇಡೋ ಮುಂಚೆ ಅದನ್ನ ಕೇಳಿದ್ಯಾ?"

ಮೂವತ್ತು ವರ್ಷದಲ್ಲಿ ನಾನು ಗದ್ದುಗೆಗೆ ಹೇಳಿದ್ದೆ, ಹೆಂಡತಿ ಇದ್ದಾಗ ಹೆಂಡತಿಗೆ ಹೇಳಿದ್ದೆ, ಮಗನಿಗೆ ಹೇಳಿದ್ದೆ, ಸೊಸೆಗೆ ಹೇಳಿದ್ದೆ. ಎಲ್ಲರಿಗೂ ಹೇಳಿದ್ದೆ. ಬೀದಿಯ ಹುಡುಗರು ಒಂದು ಕಾಗದದ ಹುಳವನ್ನು ಕೇಳುವಷ್ಟೂ ನಾನು ಈ ಮಗುವನ್ನು ಕೇಳಿರಲಿಲ್ಲ.

ಕೈಲಿದ್ದ ಬಟ್ಟೆ ಕೆಳಗಿಟ್ಟು ಅವನ ಎದುರಿಗೆ ಕೂತೆ. "ಮೃತ್ಯುಂಜಯ, ಈಗ ಕೇಳ್ತೀನಿ. ನೀನು ಏನಂದ್ರೂ ಯಾರೂ ಬೈಯಲ್ಲ. ಮಠಕ್ಕೆ ಹೋಗ್ತೀಯಾ?"

ಅವನು ಅಡುಗೆಮನೆಯ ಬಾಗಿಲ ಕಡೆ ನೋಡಿದ. ಅಲ್ಲಿ ಪ್ರೇಮಲೀಲಾ ನಿಂತಿದ್ದಳು. ಅವಳ ಕೈಯಲ್ಲಿ ಕಡೆಗೋಲು ಹಾಗೇ ಇತ್ತು.

"ಹೇಳಪ್ಪ. ಅಮ್ಮನ ಮುಖ ನೋಡ್ಬೇಡ."

"ಒಲ್ಲೆ" ಅಂದ. ಎಷ್ಟು ಮೆಲ್ಲಗೆ ಅಂದರೆ, ನಾನು ತುಟಿ ನೋಡಿ ತಿಳಿದುಕೊಂಡೆ.

ಬಸವರಾಜು ಬರುವವರೆಗೆ ಕಾಯುವುದು ಸರಿಯಲ್ಲವೆನಿಸಿತು. ಸೋಮವಾರ ಮೊದಲ ಬಸ್ಸಿಗೇ ಹೊರಟೆ. ಬುದ್ಧಿಯವರು ಮಠದ ಹಿಂದಿನ ಪಡಸಾಲೆಯಲ್ಲಿ ಬಿಸಿಲಿಗೆ ಕಾಲು ಚಾಚಿಕೊಂಡು ಕೂತಿದ್ದರು. ಮಂಡಿಗೆ ಎಣ್ಣೆ ಹಚ್ಚಿಕೊಂಡಿದ್ದರು. ನಾನು ಅಡ್ಡಬಿದ್ದು, ಎದ್ದು, ನಿಂತೇ ಹೇಳಿದೆ. ಕಾರ್ಡಿನ ವಿಷಯವನ್ನೂ ಬಿಡದೆ ಹೇಳಿದೆ.

ಅವರು ಚಾಚಿದ್ದ ಕಾಲು ಮಡಚಿಕೊಂಡರು. ಆಮೇಲೆ, "ನಮಗೆ ಆಗ ಒಂಬತ್ತು ವರ್ಷ" ಅಂದರು. "ಎತ್ತಿನ ಗಾಡೀಲಿ ಕೂರಿಸಿದ್ರು. ಜಾತ್ರೆಗೆ ಅಂದ್ಕೊಂಡಿದ್ವಿ. ಯಾರೂ ಕೇಳಲಿಲ್ಲ ಕಣಯ್ಯ."

"ತಪ್ಪಾಯ್ತು ಬುದ್ಧಿ."

"ಯಾರ ತಪ್ಪೂ ಅಲ್ಲ. ನಾವು ಇಲ್ಲಿ ಸುಖವಾಗೇ ಇದ್ದೀವಿ. ಆದ್ರೆ ಕೇಳಿದ್ರೆ ಏನು ಹೇಳ್ತಿದ್ವೋ ಅಂತ ಒಂದೊಂದ್ಸಲ ಯೋಚನೆ ಬರುತ್ತೆ." ಅವರು ಮಂಡಿ ನೀವಿಕೊಂಡರು. "ಮಗು ಮನೇಲಿರ್ಲಿ. ಬಸವರಾಜೂಗೆ ನಾವು ಹೇಳ್ತೀವಿ. ಹರಕೆ ಬಿಟ್ಟೇಬಿಟ್ವಿ ಅಂದ್ಕೋ."

ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಹರಕೆ ಅವರಿಗೆ ಹೊತ್ತದ್ದಲ್ಲ, ಅವರು ಬಿಡುವುದಕ್ಕೆ. ಜ್ವರದಲ್ಲಿ ಬಿದ್ದ ಮಗುವಿನ ಉಸಿರು ಕೇಳುತ್ತಾ ಹೊತ್ತದ್ದು. ಆ ಮಗು ಇವತ್ತು ಬಸ್ಸು ಓಡಿಸುತ್ತಿದ್ದಾನೆ.

"ನಾನು ಬರ್ತೀನಿ ಬುದ್ಧಿ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ ನಕ್ಕರು. "ಮರಿಯಾಗೋಕೆ ನಿನಗೆ ಹಲ್ಲೆಲ್ಲಿದಾವೋ?"

"ಮರಿಯಾಗಲ್ಲ. ದಾಸೋಹದ ಕಸ ಗುಡಿಸ್ತೀನಿ. ಈ ಬಾಗಿಲು ಗೆದ್ದಲು ಹಿಡಿದದೆ, ಅದನ್ನ ನೋಡ್ಕೋತೀನಿ. ಮನೆಯಿಂದ ಒಬ್ಬರನ್ನ ಕೊಡ್ತೀನಿ ಅಂದಿದ್ದೆ."

ನಗು ನಿಂತಿತು. "ಬಂದೋರು ಮನೆಗೆ ತಿರುಗಿ ಹೋಗೋ ಹಾಗಿಲ್ಲ. ಮೊಮ್ಮಗನ ಮದುವೆಗೂ ಇಲ್ಲ, ಮಗನ ಕಷ್ಟಕ್ಕೂ ಇಲ್ಲ. ಯೋಚನೆ ಮಾಡಿದ್ದೀಯಾ?"

"ಬಸ್ಸಿನಲ್ಲಿ ಮಾಡ್ದೆ ಬುದ್ಧಿ."

ಅವರು ಹ್ಞೂಂ ಅನ್ನಲಿಲ್ಲ, ಊಹ್ಞೂಂ ಅನ್ನಲಿಲ್ಲ. ಊಟ ಮಾಡಿಕೊಂಡು ಹೋಗು, ದೀಪಾವಳಿ ಮಕ್ಕಳ ಜೊತೆ ಮಾಡು ಅಂದರು.

ಮನೆಯಲ್ಲಿ ಹೇಳಿದಾಗ ಮಗ ಅತ್ತ. ಗಟ್ಟಿಯಾಗಿ ಅತ್ತ, ಓಣಿಗೆಲ್ಲ ಕೇಳುವ ಹಾಗೆ. ಪ್ರೇಮಲೀಲಾ ಅಳಲಿಲ್ಲ. ಮಠಕ್ಕೆಂದು ಹುಡುಗನಿಗೆ ತಂದಿದ್ದ ಬಿಳಿಬಟ್ಟೆಯನ್ನು ನನ್ನ ಹೆಗಲಿಗೆ ಹಿಡಿದು ಅಳತೆ ನೋಡಿ, "ಎರಡು ಮೊಳ ಸಾಲಲ್ಲ ಮಾವ, ತರಿಸ್ತೀನಿ" ಅಂದಳು. ಮೃತ್ಯುಂಜಯ ಎರಡು ದಿನ ನನ್ನ ಹತ್ತಿರ ಬರಲಿಲ್ಲ. ಮೂರನೆಯ ದಿನ ಬಂದು, ನನ್ನ ಉಳಿ ಹಿಡಿದು, "ಇದನ್ನ ಹೇಗೆ ಸಾಣೆ ಹಿಡಿಯೋದು ತೋರಿಸು" ಅಂದ. ಹದಿನೈದು ದಿನ ತೋರಿಸಿದೆ. ಕೈ ಇನ್ನೂ ಒರಟು, ಆದರೆ ಅವಸರವಿಲ್ಲ.

ಬಲಿಪಾಡ್ಯಮಿಯ ಮಾರನೆಯ ದಿನ, ಕಾರ್ತಿಕದ ಮೊದಲ ಸೋಮವಾರ, ಬೆಳಿಗ್ಗೆ ಆರೂವರೆಯ ಬಸ್ಸಿಗೆ ಮಗ ನನ್ನನ್ನು ಹತ್ತಿಸಿದ. ಸೊಸೆಯೂ ಹುಡುಗನೂ ಬಸ್‌ಸ್ಟ್ಯಾಂಡಿನವರೆಗೆ ಬಂದಿದ್ದರು. ಕಿಟಕಿಯ ಹತ್ತಿರ ಜಾಗ ಸಿಕ್ಕಿತು. ಮನೆ ಬಿಟ್ಟು ಹೊರಟವನು ನಾನು, ಕರಿಬಸವಯ್ಯ.