ಗೋದಾಮಿನ ಗೇಟಿನಲ್ಲಿ ಎಚ್ಚರಿಕೆ

ಬಿಸಿಲಿಗೆ ಕುಸಿದುಬಿದ್ದ ತಮ್ಮನನ್ನು ಆಸ್ಪತ್ರೆಗೆ ಸೇರಿಸಿ, ಆರೋಗ್ಯ ಇಲಾಖೆಯ ಅಧಿಕಾರಿಯನ್ನು ಅವನು ದುಡಿಯುವ ಗೋದಾಮಿನ ಗೇಟಿಗೇ ಎಳೆದು ತಂದೆ.

“ಬಿಸಿಗಾಳಿ ಎಚ್ಚರಿಕೆ ಎಲ್ಲರ ಮೊಬೈಲಿಗೂ ಕಳಿಸಿದ್ವಲ್ಲಮ್ಮ. ನಿಮ್ಮ ತಮ್ಮ ನೋಡದಿದ್ರೆ ನಾವೇನು ಮಾಡೋಕಾಗುತ್ತೆ?” ದಾರಿಯುದ್ದಕ್ಕೂ ಆತನದು ಅದೇ ರಾಗ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕಾವಲುಗಾರನ ಕುರ್ಚಿಯ ಪಕ್ಕದ ಕಬ್ಬಿಣದ ಪೆಟ್ಟಿಗೆಯನ್ನು ತೋರಿಸಿದೆ. “ಒಳಗೆ ಹೋಗೋ ಮುಂಚೆ ಎಲ್ಲರೂ ಮೊಬೈಲು ಇದರಲ್ಲಿ ಹಾಕ್ಬೇಕು. ಸಂಜೆ ತನಕ ಬೀಗ. ನಿಮ್ಮ ಎಚ್ಚರಿಕೆ ಯಾರು ಓದ್ತಾರೆ ಸ್ವಾಮಿ, ಈ ಪೆಟ್ಟಿಗೇನಾ?”

ಅಷ್ಟರಲ್ಲೇ ಆ ದಿನದ ಎಚ್ಚರಿಕೆ ಬಂತು. ಪೆಟ್ಟಿಗೆಯೊಳಗಿನ ಮೊಬೈಲುಗಳೆಲ್ಲ ಒಟ್ಟಿಗೇ ಬಡಕೊಂಡವು. ಅಂಗಳದ ಬಿಸಿಲಲ್ಲಿ ಮೂಟೆ ಹೊರುತ್ತಿದ್ದವರು ಯಾರೂ ತಲೆ ಎತ್ತಲಿಲ್ಲ.

ಅಧಿಕಾರಿಯ ಮುಖ ಅರಳಿತು.

“ನೋಡಿದ್ರಾ? ಒಂದೂ ಬಿಡದ ಹಾಗೆ ತಲುಪ್ತು!”