ಕೆಂಚೇಗೌಡನ ಅಣ

ಸಿಂಧಘಟ್ಟದ ತಮ್ಮಯ್ಯನಿಗೆ ಏನು ಕಮ್ಮಿಯಾಗಿತ್ತು ಹೇಳಿ? ಗದ್ದೆ ಇತ್ತು, ತೆಂಗಿನ ತೋಟ ಇತ್ತು, ಪಾಂಡವಪುರದ ಫ್ಯಾಕ್ಟರಿಗೆ ಕಬ್ಬು ಹೊಡೆಯೋ ಟ್ರಾಕ್ಟರು ಇತ್ತು. ಇಲ್ಲದ್ದು ಒಂದೇ, ವಂಶದಲ್ಲೊಬ್ಬ ರಾಜ. ಮಗಳನ್ನು ಕೊಟ್ಟ ನಾಗಮಂಗಲದ ಬೀಗರು ಊಟಕ್ಕೆ ಕೂತಾಗಲೆಲ್ಲ ತಮ್ಮ ಮುತ್ತಾತ ಪಾಳೇಗಾರ ಅನ್ನೋರು. ಪಾಪ, ತಮ್ಮಯ್ಯ ಉಪ್ಪಿನಕಾಯಿ ಜೊತೆ ಅದನ್ನೂ ನೆಂಚಿಕೊಂಡು ತಿನ್ನಬೇಕಿತ್ತು.

ತೊಂಬತ್ಮೂರರಲ್ಲಿ ಶ್ರೀರಂಗಪಟ್ಟಣದ ಕೋಟೆ ಹತ್ತಿರ ಹಳೇ ನಾಣ್ಯ ಮಾರೋರನ್ನ ಕಂಡದ್ದೇ ತಡ, ತಲೆಗೆ ಹುಳ ಬಿಟ್ಟುಕೊಂಡ. ನಾಣ್ಯ ಹೊಡೆಸಿದೋನೇ ರಾಜ ತಾನೇ? ತನ್ನ ಮುತ್ತಾತ ಕೆಂಚೇಗೌಡನೂ ಹೊಡೆಸಿದ್ದ ಅಂದರಾಯಿತು. ಹೊಸ ತಾಮ್ರವಾದರೆ ಥಳಥಳ ಹೊಳೆದು ಗುಟ್ಟು ರಟ್ಟಾಗುತ್ತೆ. ಅದಕ್ಕೇ ಚಲಾವಣೆ ನಿಂತ ಹಳೇ ಕಾಸುಗಳನ್ನು ತಂದು, ಕೆ.ಆರ್. ಪೇಟೆಯಲ್ಲಿ ಪಾತ್ರೆ ಮೇಲೆ ಹೆಸರು ಕೊರೆಯೋ ಮರಿಯಯ್ಯನ ಮುಂದೆ ಸುರಿದ. ಮರಿಯಯ್ಯ ಅಚ್ಚು ಕೊರೆದು, ಕಾಸಿನ ಮೇಲಿಟ್ಟು ಸುತ್ತಿಗೆಯಲ್ಲಿ ಬಡಿದ. ಹಳೇ ಮುಖ ಅಳಿದು ಒಂದು ಕಡೆ ಆನೆ, ಇನ್ನೊಂದು ಕಡೆ ಬರಹ ಮೂಡಿತು. ಹಿಂದೆ ಹಣ ಅನ್ನೋದು ಒಂದು ನಾಣ್ಯದ ಹೆಸರೇ ಆಗಿತ್ತಲ್ಲ, ತಮ್ಮಯ್ಯ ಬರೆಸಹೊರಟಿದ್ದೂ ಅದನ್ನೇ. ಆದರೆ ಅವನು ಬಾಯಲ್ಲಿ ‘ಅಣ’ ಅಂದ, ಮರಿಯಯ್ಯ ‘ಅಣ’ ಅಂತಲೇ ಕೊರೆದ. ಹಕಾರಕ್ಕೆ ಆ ಇಬ್ಬರ ನಾಲಿಗೆ ಮೇಲೆ ಎಂದೂ ಜಾಗ ಸಿಕ್ಕಿದ್ದೇ ಇಲ್ಲ.

‘ಕೆಂಚೇಗೌಡ, ಒಂದು ಅಣ’ ಬೀಗರ ಮನೆಯಲ್ಲಿ ಕೈಯಿಂದ ಕೈಗೆ ಓಡಾಡಿತು. ತೋಟ ಅಗೀವಾಗ ಸಿಕ್ತು ಅಂತ ತಮ್ಮಯ್ಯ ಮೀಸೆ ತಿರುವಿದ. ಆವತ್ತು ಬೀಗರು ತಮ್ಮ ಪಾಳೇಗಾರನ ಸುದ್ದಿ ಎತ್ತಲಿಲ್ಲ. ಆದರೆ ಸುದ್ದಿ ಪೊಲೀಸರ ಕಿವಿಗೂ ಬಿತ್ತು.

ಸ್ಟೇಷನ್ನಿನಲ್ಲಿ ಸಬ್‌ಇನ್‌ಸ್ಪೆಕ್ಟರು ನಾಣ್ಯವನ್ನು ಮೇಜಿನ ಮೇಲಿಟ್ಟು, “ನೆಲದಲ್ಲಿ ಸಿಕ್ಕಿದ ನಿಧಿ ಬಚ್ಚಿಟ್ಟಿದೀಯ. ಒಳಗೆ ಹಾಕ್ತೀನಿ” ಅಂದರು.

“ಸಿಕ್ಕಿದ್ದಲ್ಲ ಸ್ವಾಮಿ, ಮಾಡ್ಸಿದ್ದು.”

“ಹಾಗಾದ್ರೆ ಖೋಟಾ ನಾಣ್ಯ. ಅದಕ್ಕೂ ಒಳಗೇ.”

ತಮ್ಮಯ್ಯ ಕೈ ಮುಗಿದ. ನಾಣ್ಯ ನೋಡಿ ಹೇಳಲಿ ಅಂತ ಕರೆಸಿದ್ದ ಶ್ರೀರಂಗಪಟ್ಟಣದ ನಾಣ್ಯಸಂಗ್ರಹದ ನಿಂಗರಾಜು ಮಾತ್ರ ನಗು ತಡೆಯಲಾರದೆ ಒದ್ದಾಡುತ್ತಿದ್ದ.

“ಖೋಟಾ ಅನ್ನಬೇಕಾದ್ರೆ ಅಸಲಿ ಅಂತ ಒಂದಿರಬೇಕಲ್ಲ ಸಾರ್. ಕೆಂಚೇಗೌಡ ಅನ್ನೋ ರಾಜನೇ ಇರಲಿಲ್ಲ, ಅಣ ಅನ್ನೋ ನಾಣ್ಯ ಭೂಮಿ ಮೇಲೇ ಇಲ್ಲ. ಈ ಅಚ್ಚಿನ ಕೆಳಗಿರೋ ಹಳೇ ಕಾಸೂ ಈಗ ನಡೆಯಲ್ಲ. ಇದು ಶೋಕಿ ನಾಣ್ಯ. ಶೋಕಿದು ಅಂತ ಹೇಳಿಯೇ ಕೊಟ್ರೆ ನಾನೇ ಒಂದು ಇಟ್ಕೋತೀನಿ, ಇಂಥವನ್ನ ಕೂಡಿಸೋರಿದ್ದಾರೆ. ಹಳೇದು ಅಂತ ದಾಟಿಸಿದ್ರೆ ಮಾತ್ರ ಮೋಸ.”

ಸಬ್‌ಇನ್‌ಸ್ಪೆಕ್ಟರು ಯೋಚಿಸಿ, “ಹಾಗಾದ್ರೆ ಇದು ಸುಳ್ಳು ಅಂತ ಊರವರ ಮುಂದೆ ಹೇಳು, ಬಿಡ್ತೀನಿ” ಅಂದರು. ನೋಡಿ ಗ್ರಹಚಾರ. ರಾಜನನ್ನು ಉಳಿಸಿಕೊಂಡರೆ ಜೈಲು, ಮನೆಗೆ ಹೋಗಬೇಕೆಂದರೆ ರಾಜ ಸಾಯಬೇಕು. ತಮ್ಮಯ್ಯ ಅರಳಿಕಟ್ಟೆ ಮೇಲೆ ನಿಂತು, ಕಣ್ಣಲ್ಲಿ ನೀರು ತುಂಬಿಕೊಂಡು ಎಲ್ಲ ಒಪ್ಪಿಕೊಂಡ. ಊರು ನಗುತ್ತೆ ಅಂತ ಹೆದರಿದ್ದ. ಊರು ನಗಲಿಲ್ಲ.

ಸಂಜೆ ದಾಯಾದಿ ಚಿಕ್ಕಮಾದಯ್ಯ ಬಂದು ಪಕ್ಕದಲ್ಲಿ ಕೂತ. “ಪೊಲೀಸ್ರಿಗೆ ಚೆನ್ನಾಗಿ ಕಾಗೆ ಹಾರ್ಸ್‌ದೆ ಕಣ್ಲಾ. ನಿಧಿ ಸರ್ಕಾರಕ್ಕೆ ಓಗ್ದಂಗೆ ನೋಡ್ಕೊಂಡೆ. ಆದ್ರೆ ಮುತ್ತಾತಂದು ಅಂದ್ಮೇಕೆ ನಮ್ಗೂ ಪಾಲೈತೆ.”

“ನಿಧಿನೂ ಇಲ್ಲ ಗಿಧಿನೂ ಇಲ್ಲ ಕಣ್ಲಾ. ಅಣ ಅಂತ ಬರ್ದೈತೆ, ಯಾವ ರಾಜ ಅಂಗ್ ಬರ್ಸಾನು?”

“ಸಿಂಧಘಟ್ಟದ ರಾಜ ಇನ್ನೆಂಗ್ಲಾ ಬರ್ಸಾನು? ಅದೇ ಸಾಕ್ಷಿ.”

ಬೆಳಿಗ್ಗೆ ತೋಟದಲ್ಲಿ ದಾಯಾದಿಗಳೆಲ್ಲ ಗುದ್ದಲಿ ಹಿಡಿದು ನಿಂತಿದ್ದರು. ಫಲಕ್ಕೆ ಬಂದ ತೆಂಗಿನ ಬುಡ ಆಗಲೇ ಬಾಯಿ ಬಿಟ್ಟಿತ್ತು. ತಮ್ಮಯ್ಯ ಓಡಿಹೋಗಿ ಚಿಕ್ಕಮಾದಯ್ಯನ ಗುದ್ದಲಿ ಹಿಡಿದುಕೊಂಡ.

“ಬುಡ್ಲಾ. ನಮ್ಮುತ್ತಾತ ರಾಜ ಅಲ್ಲ, ಕಂಡೋರ ದನ ಕಾಯ್ತಿದ್ದ. ನಿಮ್ ದಮ್ಮಯ್ಯ, ನಂಬ್ರಪ್ಪ.”

ಚಿಕ್ಕಮಾದಯ್ಯನ ಮುಖ ಕೆಂಪೇರಿತು. ಗುದ್ದಲಿ ಕಿತ್ತುಕೊಂಡು, “ವಂಶ ಬೆಳಗಿದ ದೊರೇನ ದನ ಕಾಯೋನು ಅಂತೀಯಲ್ಲ, ಅಂತಾ ಮನೇಲಿ ಉಟ್ಟಿದ್ದಕ್ಕಾದ್ರೂ ನಾಚ್ಕೆ ಬ್ಯಾಡ್ವೇನ್ಲಾ?” ಅಂದು, ಮುಂದಿನ ಮರದ ಬುಡಕ್ಕೆ ಹೋದ.