ಈಳಿಗೆ ಗಾಯ

"ಕೈ ಹಿಂದಕ್ಕಿಟ್ಕೊಂಡು ಮಾತಾಡು. ಆ ನಾತಕ್ಕೆ ತಿಂದದ್ದೆಲ್ಲ ಬಾಯಿಗೆ ಬರ್ತಿದೆ," ಎಂದ ಮ್ಯಾನೇಜರ್.

ಹಿಂದಕ್ಕಿಟ್ಟುಕೊಂಡೆ. ಹೆಬ್ಬೆರಳು ಬದನೆಕಾಯಿಯಂತೆ ಊದಿತ್ತು. ಸುತ್ತಿದ ಬಟ್ಟೆಯನ್ನೂ ದಾಟಿ ಕೀವು ಜಿನುಗುತ್ತಿತ್ತು.

ಕಾರ್ಖಾನೆಯ ಓಡುವ ಬೆಲ್ಟಿನ ಮೇಲೆ ಊರ ಮನೆಗಳ ಮುಸುರೆ, ಹೊಲಗಳ ದಂಟು, ಹುಲ್ಲು ಬರುತ್ತವೆ. ಅದರೊಳಗಿನ ಗಾಜು, ಬ್ಲೇಡು, ಪ್ಲಾಸ್ಟಿಕ್ಕು ಆರಿಸಿ ತೆಗೆಯುವುದು ನಮ್ಮ ಕೆಲಸ. ಉಳಿದದ್ದು ಒಳಗೆ ಬೆಂದು, ಅದೇನೋ ಔಷಧಿಗೆ ಕರಗಿ ಸಕ್ಕರೆ ನೀರಾಗುತ್ತದೆ. ಅದು ಹುಳಿ ಬಂದು ಗಾಡಿಗಳಿಗೆ ಎಣ್ಣೆಯಾಗುತ್ತದೆ. "ತಿಪ್ಪೆಗೂ ಸಕ್ಕರೆಯಾಗೋ ಯೋಗ ಇದೆ, ನಮಗಿಲ್ಲ ನೋಡೇ," ಎಂದು ಪಕ್ಕದ ಬೊಚ್ಚುಬಾಯಿ ಅಜ್ಜಿ ನಗುತ್ತಿರುತ್ತಾಳೆ. ಆ ಮುಸುರೆಯಲ್ಲಿ ಯಾರೋ ಎಸೆದ ಇಂಜೆಕ್ಷನ್ ಸೂಜಿ ನನ್ನ ಬೆರಳಿಗೆ ಹೊಕ್ಕಿತ್ತು.

ಕೆಲಸದಲ್ಲಿ ಆದ ಗಾಯವೆಂದು ಮೇಸ್ತ್ರಿ ಒಂದು ಮಾತು ಹೇಳಿದರೆ ಆಸ್ಪತ್ರೆಗೆ ಕಂಪನಿಯೇ ಸೇರಿಸಬೇಕು. ಮೇಸ್ತ್ರಿ ನನ್ನ ಮೈದುನ. ಅತ್ತೆ ಸತ್ತಾಗ ಹಸುಗೂಸಾಗಿದ್ದವನನ್ನು ನನ್ನ ಮಗನ ಜೊತೆಗೇ ಎದೆಹಾಲು ಕೊಟ್ಟು ಸಾಕಿದ್ದೆ. ಸೂಜಿ ಕಿತ್ತವನೂ ಅವನೇ. "ಅಳಬೇಡ ಅತ್ತಿಗೆ, ನಾನಿಲ್ವಾ," ಎಂದಿದ್ದ.

"ಹೇಳಯ್ಯ, ಎಲ್ಲಾಯ್ತು ಇದು?" ಎಂದು ಮ್ಯಾನೇಜರ್ ಬಾಗಿಲಲ್ಲಿ ನಿಂತಿದ್ದ ಅವನನ್ನು ಕೇಳಿದ.

ಮೈದುನ ತನ್ನ ಹೊಸ ಬೂಟು ನೋಡಿಕೊಂಡ. "ಮನೇಲಿ ತರಕಾರಿ ಹೆಚ್ಚುವಾಗ ಈಳಿಗೆ ತಾಗಿಸ್ಕೊಂಡ್ಳು ಸಾರ್. ಇಲ್ಲಿ ಆಗಿದ್ದಲ್ಲ."

"ಬೇವರ್ಸಿ," ಎಂದೆ. "ನಿನ್ನ ನಾಲಿಗೆಗೆ ಹುಳ ಬೀಳ್ಲಿ. ನನ್ನ ಹಾಲು ಕುಡಿದ ಬಾಯೇನೋ ಅದು?"

"ಆಚೆ ಹಾಕು ಇವಳನ್ನ. ಕಂಪನಿ ನೋಡೋಕೆ ದೊಡ್ಡೋರು ಬರೋ ಹೊತ್ತು," ಎಂದ ಮ್ಯಾನೇಜರ್.

"ನನ್ನ ಹೊಟ್ಟೆ ಮೇಲೆ ಹೊಡೀಬೇಡ ಅತ್ತಿಗೆ, ನಡಿ," ಎಂದು ಮೈದುನ ಪಿಸುಗುಟ್ಟಿದ.

ಹೊರಗೆ ಬಂದರೆ ದೊಡ್ಡವರು ಅಂಗಳದಲ್ಲೇ ಇದ್ದರು. ಬಿಳಿ ಬಟ್ಟೆ ಹಾಸಿದ ಮೇಜು. ಅದರ ಮೇಲೆ ಅಗಲ ಬಾಯಿಯ ಗಾಜಿನ ಜಾಡಿಯ ತುಂಬ ಜೇನಿನ ಬಣ್ಣದ ಸಕ್ಕರೆ ನೀರು. ಹಿಂದೆಯೇ ಓಡಿಬಂದ ಮ್ಯಾನೇಜರ್ ಬೇರೆಯೇ ದನಿಯಲ್ಲಿ ಹೇಳುತ್ತಿದ್ದ: "ಕೊಳಕಾಗಿ ಬಂದದ್ದೆಲ್ಲ ಇಲ್ಲಿ ಶುದ್ಧ ಆಗುತ್ತೆ. ಮೂಸಿ ನೋಡಿ, ಪಾಕದ ಹಾಗೆ."

ನಾನು ಬೆರಳಿಗೆ ಸುತ್ತಿದ್ದ ಬಟ್ಟೆ ಬಿಚ್ಚಿದೆ. ಮೇಜಿನ ಹತ್ತಿರ ಹೋಗಿ ಜಾಡಿಯೊಳಗೆ ಮಣಿಕಟ್ಟಿನವರೆಗೆ ಕೈ ಇಳಿಸಿದೆ. ಬೆಚ್ಚಗಿತ್ತು. ಬೆರಳಿನಿಂದ ಬೆಳ್ಳನೆಯ ಎಳೆಯೊಂದು ಬಿಟ್ಟುಕೊಂಡು ನೀರಿನಲ್ಲಿ ಹರಡತೊಡಗಿತು. ಬಂದವರಲ್ಲಿ ಒಬ್ಬಾಕೆ ಮೂಗಿಗೆ ಕರವಸ್ತ್ರ ಒತ್ತಿ ಹಿಂದೆ ಸರಿದಳು.

"ಅತ್ತಿಗೆ, ಕೈ ತೆಗಿ," ಎಂದ ಮೈದುನ.

"ಯಾಕಪ್ಪಾ, ತರಕಾರಿ ಹೆಚ್ಚಿದ ಗಾಯ ತಾನೆ."

"ಎಳೆಯೋ ಅವಳ ಕೈನ," ಎಂದು ಮ್ಯಾನೇಜರ್ ಕಿರುಚಿದ.

ಮೈದುನ ಒಂದು ಹೆಜ್ಜೆ ಇಟ್ಟು ನಿಂತ. ನನ್ನ ಕೈ ಮುಟ್ಟಲು ಯಾರೂ ಮುಂದೆ ಬರಲಿಲ್ಲ.